ಗಾಳಿ ಒಪ್ಪಿದರೆ ಶನಿವಾರ

ಆಮಂತ್ರಣದಲ್ಲಿ ಶನಿವಾರ ಅಂತಿದೆ, ನಿಜ.
ಗಾಳಿ ಒಪ್ಪಿದರೆ ಶನಿವಾರ.
ನಕ್ಷೆಯಲ್ಲಿ ಅಸೋರ್ಸ್ ಅಂದರೆ ಯಾರೋ ಚೆಲ್ಲಿದ ಒಂಬತ್ತು ಕಾಳು;
ಉದ್ದಕ್ಕೆ, ತೆಳ್ಳಗೆ ಇರುವುದು ನಮ್ಮದು, ಸಾಂವ್ ಜೋರ್ಜ್.
ನಾನು ಎರ್ಮೀನಿಯ. ಇಲ್ಲಿ ಟ್ಯಾಕ್ಸಿ ಓಡಿಸುತ್ತೇನೆ.
ಬರುವವರಿಗೆ ನಾಲ್ಕು ಮಾತು ನೀನೇ ಬರಿ ಅಂದರು ಮದುಮಕ್ಕಳು.

ಮೊದಲು ಬಟ್ಟೆಯ ಮಾತು.
ಮದುವೆಗೆ ಉಡುವುದನ್ನು ದೊಡ್ಡ ಪೆಟ್ಟಿಗೆಗೆ ಹಾಕಬೇಡಿ,
ತೊಡೆಯ ಮೇಲಿಟ್ಟುಕೊಂಡೇ ಬನ್ನಿ.
ನೀವು ಬಂದು ಇಳಿಯುತ್ತೀರಿ; ಪೆಟ್ಟಿಗೆ ಮಾತ್ರ
ಟೆರ್ಸೇರ ದ್ವೀಪದಲ್ಲೇ ಎರಡು ದಿನ ತಂಗುತ್ತದೆ,
ಅದಕ್ಕೂ ಅಲ್ಲಿ ನೆಂಟರಿದ್ದ ಹಾಗೆ.
ಹೋದ ಜೂನಿನಲ್ಲಿ ಒಬ್ಬ ಮದುಮಗನ ಅಪ್ಪ
ನನ್ನ ಗಂಡನ ಕರಿ ಕೋಟಿನಲ್ಲಿ ನಿಂತಿದ್ದ,
ತೋಳು ಮೊಣಕೈಗೇ ಮುಗಿದಿತ್ತು.
ಎಲ್ಲ ಫೋಟೋದಲ್ಲೂ ಕೈ ಹಿಂದಕ್ಕೆ ಕಟ್ಟಿದ್ದಾನೆ, ಪಾಪ,
ಗಂಭೀರ ಮನುಷ್ಯ ಅಂದುಕೊಳ್ಳುತ್ತಾರೆ ನೋಡಿದವರು.

ದುಡ್ಡು: ನೋಟು ತನ್ನಿ. ಹತ್ತಿರ ಇರುವುದೊಂದೇ ಯಂತ್ರ,
ಶುಕ್ರವಾರ ಸಂಜೆಗೆ ಅದರ ಹೊಟ್ಟೆ ಬರಿದು.
ಪಾಸ್‌ಪೋರ್ಟಿನ ಕೊನೆಯ ತಾರೀಖು ಇವತ್ತೇ ನೋಡಿ, ನಾಳೆಯಲ್ಲ.
ಗುಳಿಗೆ ನುಂಗುವವರು ಒಂದು ವಾರದ್ದು ಹೆಚ್ಚಿಗೆ ತನ್ನಿ,
ಯಾಕೆಂದು ಮುಂದೆ ಹೇಳುತ್ತೇನೆ.

ಚೂಪು ಹಿಮ್ಮಡಿಯ ಚಪ್ಪಲಿ ಬೇಡವೇ ಬೇಡ.
ಚರ್ಚು ಇರುವುದು ಬಂಡೆಗೋಡೆಯ ಬುಡದಲ್ಲಿ,
ಬೆಟ್ಟ ಯಾವತ್ತೋ ಜಾರಿ ಕಡಲಿಗೆ ಬಿದ್ದು ಆದ ತುಂಡು ನೆಲದಲ್ಲಿ;
ಫಜಾಂ ಅನ್ನುತ್ತೇವೆ ಅದಕ್ಕೆ.
ರಸ್ತೆಯಿಲ್ಲ. ಕಾಲುದಾರಿ, ಒಂದೂವರೆ ಗಂಟೆ.
ಇಳಿಯುವಾಗ ಮೊಣಕಾಲು ಬೈಯುತ್ತದೆ, ಹತ್ತುವಾಗ ಎದೆ.
ಅಜ್ಜಿಯರನ್ನು ನಾಲ್ಕು ಗಾಲಿಯ ಬೈಕಿನಲ್ಲಿ ನಾನೇ ಒಯ್ಯುತ್ತೇನೆ;
ಕಣ್ಣು ಮುಚ್ಚಿಕೊಳ್ಳಲಿ, ಕಿರುಚದಿದ್ದರೆ ಸಾಕು.
ದನ ಅಡ್ಡ ಬಂದರೆ ಹಾರ್ನ್ ಒತ್ತಬೇಡಿ.
ಅವಕ್ಕೆ ಹಾಲು ಕರೆಯುವ ಹೊತ್ತು ಗೊತ್ತು,
ನಿಮ್ಮ ಮುಹೂರ್ತ ಗೊತ್ತಿಲ್ಲ.

ಈಗ ಆ ಮಾತು.
ವಿಮಾನ ಬರದೇ ಇರಬಹುದು.
ಗಾಳಿ ಬಂದಾಗ ತೂರಿಕೊಳ್ಳುವುದು ಬೇರೆ ಊರಿನ ಗಾದೆ,
ಇಲ್ಲಿ ಗಾಳಿ ಬಂದರೆ ಕೂತುಕೊಳ್ಳುವುದು.
ಕೌಂಟರಿನ ಹುಡುಗಿಯ ಮೇಲೆ ಕೂಗಬೇಡಿ,
ಅವಳು ಲುರ್ದೆಸ್, ನನ್ನ ತಂಗಿಯ ಮಗಳು,
ಗಾಳಿ ಅವಳ ಮಾತೂ ಕೇಳುವುದಿಲ್ಲ.

ಮೂರು ವರ್ಷದ ಹಿಂದೆ, ಫೆಬ್ರವರಿಯಲ್ಲಿ,
ನಾಲ್ಕು ದಿನ ಒಂದೂ ವಿಮಾನ ಏಳಲಿಲ್ಲ.
ಹೋಟೆಲು ತುಂಬಿತ್ತು. ಉಳಿದ ಇಬ್ಬರನ್ನು ಮನೆಗೆ ಕರೆತಂದೆ:
ಗ್ದಾನ್ಸ್ಕಿನ ರಾದೋಸ್ವಾಫ್, ಭೂಕಂಪ ಅಳೆಯುವವನು;
ಲೀಡ್ಸಿನ ಇಮೊಜೆನ್, ಚೀಸ್ ಕೊಳ್ಳಲು ಬಂದವಳು.
ಒಂದೇ ಒಲೆ, ಒಂದೇ ಛತ್ರಿ, ಕರೆಂಟಿಲ್ಲ.
ಮೊದಲ ದಿನ ಇಬ್ಬರೂ ಕಿಟಕಿ ಬಿಟ್ಟು ಕದಲಲಿಲ್ಲ.
ಎರಡನೆಯ ದಿನ ಅವನು ನನ್ನ ಈರುಳ್ಳಿ ಹೆಚ್ಚಿದ.
ಮೂರನೆಯ ದಿನ ಈರುಳ್ಳಿ ಇಲ್ಲದೆಯೂ ಅವಳ ಕಣ್ಣು ಒದ್ದೆ,
ಅದು ಅವಳ ಅಣ್ಣನ ಕತೆ, ನಿಮಗೆ ಬೇಡ.
ನಾಲ್ಕನೆಯ ದಿನ ಆಕಾಶ ತೊಳೆದಿಟ್ಟ ತಟ್ಟೆ.
ವಿಮಾನ ಬಂತು.
ಇಬ್ಬರೂ ಹತ್ತಲಿಲ್ಲ.

ಆದ್ದರಿಂದ ಗುಳಿಗೆ ಹೆಚ್ಚಿಗೆ ತನ್ನಿ.

ಊಟಕ್ಕೆ ದನದ ಮಾಂಸದ ಸಾರು, ಅದ್ದಿದ ರೊಟ್ಟಿ, ಮೇಲೆ ಪುದೀನ.
ತಿನ್ನದವರು ಮೊದಲೇ ಹೇಳಿ, ಕೆಸುವಿನ ಗೆಡ್ಡೆ ಬೇಯಿಸುತ್ತೇನೆ.
ಸಾಕು ಅಂತ ಕೈ ಅಡ್ಡ ಹಿಡಿದರೆ
ಕೈಯ ಮೇಲೇ ಬಡಿಸುತ್ತಾಳೆ ದೆಯೋಲಿಂದ.
ಊರಿಗೆ ಬಂದವರು ನೀರಿಗೆ ಬರದೆ ಇರುತ್ತೀರಾ, ಬನ್ನಿ,
ಆದರೆ ನಮ್ಮವರೊಬ್ಬರು ಇಳಿದ ಮೇಲೆ ಇಳಿಯಿರಿ.

ಇನ್ನೊಂದು. ಚರ್ಚಿನ ಬಾಗಿಲಲ್ಲಿ ಕೂತಿರುವ ಮುದುಕ
ನನ್ನ ಗಂಡ, ಝೆಫೆರೀನು.
ಮೀಸೆ ಮೂಡುವ ಮೊದಲೇ ಬಂಡೆಯ ಮೇಲಿನ ಗೂಡಿನಲ್ಲಿ ಕೂತು
ತಿಮಿಂಗಿಲ ಕಾಯುತ್ತಿದ್ದವ.
ಬೇಟೆ ನಿಂತಾಗ ನನ್ನ ತಲೆ ಇನ್ನೂ ಕಪ್ಪಗಿತ್ತು;
ಅವನ ಕಣ್ಣು ಗೂಡಿನಿಂದ ಇಳಿದು ಬರಲೇ ಇಲ್ಲ.
ಪ್ರಾರ್ಥನೆಯ ನಡುವೆ, ಉಂಗುರದ ನಡುವೆ
ಅವನು ತಟ್ಟನೆ ಕೈ ಎತ್ತಿದರೆ
ನಿಮಗೇ ಅಂದುಕೊಂಡು ಕೈ ಬೀಸಬೇಡಿ.
ಹಿಂದೆ ತಿರುಗಿ, ಕಡಲು ನೋಡಿ.
ಪಾದ್ರಿಯೂ ನೋಡುತ್ತಾರೆ.

ಅಂದಹಾಗೆ, ಲಿಸ್ಬನ್ ಮೇಲೆ ಬರುವವರು ಯಾರಾದರೂ
ಬೈಕಿಗೆ ಒಂದು ಜೊತೆ ಬ್ರೇಕ್ ಪ್ಯಾಡ್ ತಂದುಕೊಡಿ,
ದುಡ್ಡು ಕೊಡುತ್ತೇನೆ.
ಅಜ್ಜಿಯರಿಗೆ ಹೇಳಬೇಡಿ.